ಹಳೇ ಟಿನ್ ಟಾಪ್ ಕ್ಯಾಂಪರ್‌ಗೆ ಪಾಪ್-ಅಪ್ ರೂಫ್ ಹಾಕಿಸೋದಾ, ಬೇಡ್ವಾ?

ಲೀಡ್ಸ್ ಮಲೆನಾಡಿಗ:

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ 1976ರ ಫೋಕ್ಸ್‌ವ್ಯಾಗನ್ ಬೇ ವಿಂಡೋ ಕ್ಯಾಂಪರ್ ವ್ಯಾನ್ ಇದೆ. 1600 ಸಿಸಿ ಏರ್ ಕೂಲ್ಡ್ ಎಂಜಿನ್, 50 ಹಾರ್ಸ್‌ಪವರ್. ಹಿಂದೆ ರಾಕ್ ಎನ್ ರೋಲ್ ಬೆಡ್ (ಎಳೆದರೆ ಹಾಸಿಗೆಯಾಗುವ ಸೀಟು), ಎರಡು ಉರಿಯ ಗ್ಯಾಸ್ ಒಲೆ, ಚಿಕ್ಕ ಸಿಂಕ್. ಛಾವಣಿಗೆ ಈವರೆಗೆ ಯಾರೂ ಗರಗಸ ಇಟ್ಟಿಲ್ಲ, ಪೂರ್ತಿ ಟಿನ್ ಟಾಪ್. ಇದಕ್ಕೆ ಪಾಪ್-ಅಪ್ ರೂಫ್ (ಗಾಡಿ ನಿಲ್ಲಿಸಿದಾಗ ಮೇಲಕ್ಕೆ ಎತ್ತುವ, ಸುತ್ತ ಕ್ಯಾನ್ವಾಸ್ ಇರುವ ಛಾವಣಿ) ಹಾಕಿಸಬೇಕೇ ಎನ್ನುವುದು ನಮ್ಮ ಮನೆಯಲ್ಲಿ ಚಳಿಗಾಲ ಪೂರ್ತಿ ನಡೆದ ಚರ್ಚೆ.

ಕಾರಣ ಎರಡು. ಮಗಳಿಗೆ ಈಗ ಎಂಟು ವರ್ಷ. ಮೂವರೂ ಹಿಂದಿನ ಹಾಸಿಗೆಯಲ್ಲಿ ಮಲಗುವ ಕಾಲ ಮುಗಿಯಿತು. ಇನ್ನೊಂದು, ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬರುತ್ತಾರೆ. ಅವರಿಗೆ ಈ ವ್ಯಾನ್ ಎಂದರೆ ಬಹಳ ಇಷ್ಟ. ಆದರೆ ಒಳಗಿನ ಎತ್ತರ ನಾಲ್ಕೂವರೆ ಅಡಿಯ ಆಸುಪಾಸು. ಸೀರೆ ಉಡಬೇಕಾದರೆ ನಿಂತು ನೆರಿಗೆ ಹಿಡಿಯಬೇಕಲ್ಲವೇ? ವಿಟ್‌ಬಿ ಹತ್ತಿರ ಕ್ಯಾಂಪ್ ಮಾಡಿದಾಗ ಮಳೆಯಲ್ಲಿ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಮೈದಾನದ ಆಚೆ ಇರುವ ಸ್ನಾನದ ಕೋಣೆಗೆ ಹೋಗಿ ಉಟ್ಟು ಬಂದರು. ಮೊಣಕಾಲು ನೋವು ಬೇರೆ. ಒಳಗೇ ನೆಟ್ಟಗೆ ನಿಲ್ಲುವಂತಾದರೆ ಅವರಿಗೆ ಎಷ್ಟು ಅನುಕೂಲ.

ವಿಚಾರಿಸಿದಾಗ ಒಬ್ಬರು ಹೇಳಿದ ಖರ್ಚು ವ್ಯಾನಿನ ಬೆಲೆಯ ಕಾಲು ಭಾಗಕ್ಕೆ ಹತ್ತಿರ ಬರುತ್ತದೆ. ದುಡ್ಡು ಹೊಂದಿಸಬಹುದು. ನಲವತ್ತಕ್ಕೂ ಹೆಚ್ಚು ವರ್ಷ ಅಖಂಡವಾಗಿ ಉಳಿದ ತಗಡನ್ನು ಕತ್ತರಿಸಲು ಮಾತ್ರ ಮನಸ್ಸು ಬರುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಬ್ರಿಸ್ಟಲ್ ಕರಾವಳಿ:

ನಮ್ಮದು 1986ರ ಟಿ25 (ಬೇ ವಿಂಡೋ ನಂತರ ಬಂದ ಫೋಕ್ಸ್‌ವ್ಯಾಗನ್ ವ್ಯಾನ್), 1.9 ಲೀಟರ್ ವಾಟರ್ ಕೂಲ್ಡ್, ಪಾಪ್-ಟಾಪ್ ಇರುವುದು. ಹಾಗಾಗಿ ಮೊದಲು ಒಳ್ಳೆಯದನ್ನು ಹೇಳುತ್ತೇನೆ. ರೂಫ್ ಎತ್ತಿದ ಕೂಡಲೇ ವ್ಯಾನ್ ಕೋಣೆ ಆಗ್ತದೆ. ನಿಂತು ದೋಸೆ ಹಾಕಬಹುದು. ಮಕ್ಕಳಿಗೆ ಮೇಲಿನ ಹಾಸಿಗೆ ಅಂದ್ರೆ ಪ್ರಾಣ, ರಾತ್ರಿ ಎಂಟಕ್ಕೇ ಹತ್ತಿ ಕೂತು ಜಾಲರಿ ಕಿಟಕಿಯಿಂದ ನೋಡ್ತಾ ಇರ್ತವೆ. ಸೆಕೆಯ ದಿನ ಮೇಲಿನ ಜಿಪ್ ತೆಗೆದು ಕೆಳಗಿನ ಬಾಗಿಲು ಸ್ವಲ್ಪ ಸರಿಸಿದರೆ ಒಳಗೆ ಗಾಳಿ ಆಡ್ತದೆ. ಇದು ಟಿನ್ ಟಾಪ್‌ನಲ್ಲಿ ಸಿಗುವ ಸುಖ ಅಲ್ಲ.

ಇನ್ನು ಕಷ್ಟದ ಮಾತು. ಕ್ಯಾನ್ವಾಸ್ ಎಂದರೆ ಬಟ್ಟೆ ಮಾರಾಯ್ರೇ. ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡ್‌ಗೆ ಹೋದರೆ ಒಳಗಿನ ಬಿಸಿ ಎಲ್ಲ ಮೇಲಿಂದ ಹೋಗ್ತದೆ. ಹೊರಗಿನಿಂದ ಸುತ್ತುವ ಥರ್ಮಲ್ ಕವರ್ ಸಿಗ್ತದೆ, ನಾವು ಅದನ್ನು ಹಾಕದೆ ಚಳಿಯಲ್ಲಿ ರೂಫ್ ಎತ್ತುವುದೇ ಇಲ್ಲ. ಗಾಳಿ ಜೋರಾದರೆ ಬಟ್ಟೆ ಪಟಪಟ ಹೊಡೆಯುವ ಶಬ್ದಕ್ಕೆ ನಿದ್ದೆ ಬರುವುದಿಲ್ಲ. ಆಗ ಹಾಸಿಗೆ ಕೆಳಗೆ ತಂದು ರೂಫ್ ಇಳಿಸುವುದೇ. ಮಳೆಯಲ್ಲಿ ಒದ್ದೆಯಾದ ಕ್ಯಾನ್ವಾಸನ್ನು ಹಾಗೇ ಮಡಚಿ ಮನೆಗೆ ಬಂದರೆ ಮರುದಿನವೇ ಎತ್ತಿ ಒಣಗಿಸಬೇಕು. ವಾರ ಬಿಟ್ಟರೆ ಕಪ್ಪು ಬೂಷ್ಟು ಹಿಡೀತದೆ, ಆ ಕಲೆ ಪೂರ್ತಿ ಹೋಗುವುದೇ ಇಲ್ಲ. ನಿಮಗೆ ಮನೆ ಎದುರು ರೂಫ್ ಎತ್ತಿ ನಿಲ್ಲಿಸಲು ಜಾಗ ಉಂಟಾ? ರಸ್ತೆ ಬದಿ ಪಾರ್ಕಿಂಗ್ ಆದರೆ ಇದನ್ನು ಮೊದಲು ಯೋಚಿಸಿ.

ಮೇಲಿನ ಹಾಸಿಗೆಗೆ ಹತ್ತುವುದು ಅಮ್ಮನಿಂದ ಆಗದ ಮಾತು. ಅವರು, ನಿಮ್ಮ ಮನೆಯವರು ಕೆಳಗೆ, ನೀವು ಮತ್ತು ಮಗಳು ಮೇಲೆ ಅಂತಾದರೆ ಸರಿ. ಹಾಗಾದರೆ ಮೇಲಿನ ಹಲಗೆ ದೊಡ್ಡವರ ಭಾರ ತಡೆಯುವಂಥದ್ದೇ ಬೇಕು. ಹಳೆಯ ಕೆಲವು ರೂಫ್‌ಗಳಲ್ಲಿ ಇರುವುದು ಎರಡು ಕೊಳವೆಗಳ ನಡುವೆ ಬಿಗಿದ ಬಟ್ಟೆ ಮಂಚ. ಅದು ಮಕ್ಕಳಿಗೆ ಮಾತ್ರ.

ಹುಬ್ಬಳ್ಳಿ ಹ್ಯಾನೋವರ್:

ಸರ, ಕತ್ತರಿಸೋಕಿಂತ ಮೊದಲ ನನ್ನ ಮಾತು ಸ್ವಲ್ಪ ಕೇಳ್ರಿ. ನಾ ಇರೋದು ಹ್ಯಾನೋವರ್‌ದಾಗ. 1956ರಿಂದ ಈ ಗಾಡಿ ತಯಾರಾಗಿದ್ದು ಇದ ಊರಾಗ. ಇಲ್ಲೆ ಹಳೇ ಗಾಡಿ ಇಟ್ಟವರು ಮೂಲ ಸ್ಥಿತಿಗೆ ಭಾಳ ಬೆಲೆ ಕೊಡ್ತಾರ. 30 ವರ್ಷ ದಾಟಿ, ಮೂಲರೂಪದಾಗ ಛಲೋ ಇದ್ದ ಗಾಡಿಗೆ ಎಚ್ ನಂಬರ್ ಪ್ಲೇಟ್ ಸಿಗತದ. ವರ್ಷಕ್ಕ 191 ಯೂರೋ ಚಿಲ್ಲರೆ ಅಷ್ಟ ಟ್ಯಾಕ್ಸ್, ಪೇಟೆಯೊಳಗ ಮಾಲಿನ್ಯದ ನಿರ್ಬಂಧ ಇದ್ದ ವಲಯಕ್ಕೂ ಹೋಗಬಹುದು. ಆದ್ರ ಗಾಡಿಗೆ ಮಾಡಿದ ಬದಲಾವಣೆ ಆ ಕಾಲದ್ದೇ ಆಗಿರಬೇಕು. ಮೊದಲ ನೋಂದಣಿಯಾಗಿ ಹತ್ತು ವರ್ಷದೊಳಗ ಆಗಿದ್ದು, ಇಲ್ಲಾ ಆಗ ಆಗಬಹುದಾಗಿದ್ದು. ಈಗಿನ ಹೊಸ ನಮೂನಿ ಫೈಬರ್ ರೂಫ್ ಕೂರಿಸಿ ತಪಾಸಣೆಗೆ ಹೋದ್ರ ಅಲ್ಲೇ ತಕರಾರು.

ವೆಸ್ಟ್‌ಫಾಲಿಯಾ ಅನ್ನೋ ಜರ್ಮನ್ ಕಂಪನಿಯವರು 1951ರಿಂದ ಈ ವ್ಯಾನಿಗೆ ಕ್ಯಾಂಪಿಂಗ್ ಸಾಮಾನು ಮಾಡ್ಯಾರ. ಕಾರ್ಖಾನೆಯಿಂದನ ರೂಫ್ ಕತ್ತರಿಸಿ ಬಂದ ಗಾಡಿ ಸಾವಿರಾರು ಅದಾವ. ನಿಮಗ ಪಾಪ್-ಟಾಪ್ ಬೇಕಂದ್ರ ಅಂಥಾದ್ದನ್ನ ಹುಡುಕಿ ತಗೊಳ್ರಿ, ನಿಮ್ಮ ಟಿನ್ ಟಾಪ್ ಅದನ್ನ ಹಂಗ ಇಷ್ಟಪಡೋರಿಗೆ ಹೋಗಲಿ. ಒಮ್ಮೆ ಕೊಯ್ದ ಛಾವಣಿ ಮತ್ತ ಹಿಂದಕ ಬರೂದಿಲ್ಲ.

ಕೊವೆಂಟ್ರಿ ವೆಲ್ಡರ್:

ನಾನು ಬಾಡಿ ಶಾಪ್‌ನಲ್ಲಿ ಕೆಲಸ ಮಾಡೋನು, ಹಳೇ ಗಾಡಿಗಳ ತಗಡಿನ ಕೆಲಸವೇ ನನ್ನ ಕಸುಬು. ಹುಬ್ಬಳ್ಳಿ ಸರ್ ಹೇಳಿದ್ದು ಬೆಲೆಯ ದೃಷ್ಟಿಯಿಂದ ಸರಿ. ನಾನು ಗಟ್ಟಿತನದ ಬಗ್ಗೆ ಹೇಳುತ್ತೇನೆ.

ಟೈಪ್ 2ಗೆ, ಅಂದರೆ ಈ ವ್ಯಾನಿಗೆ, ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ತಳದ ಬೀಮ್‌ಗಳು, ಪಕ್ಕದ ತಗಡು, ಕಿಟಕಿ ನಡುವಿನ ಕಂಬಗಳು, ಛಾವಣಿ ಎಲ್ಲವೂ ಸೇರಿ ವೆಲ್ಡ್ ಆಗಿ ಭಾರ ಹೊರುತ್ತವೆ. ಛಾವಣಿ ತಗಡಿನ ಒಳಗಡೆ ಅಡ್ಡಡ್ಡ ಪಟ್ಟಿಗಳಿವೆ. ಪಾಪ್-ಟಾಪ್‌ಗೆ ತೂತು ತೆಗೆಯುವಾಗ ಮೊದಲು ಹೋಗುವುದೇ ಅವು. ಹೆಂಚಿನ ಮನೆಯಲ್ಲಿ ತೊಲೆ ತೆಗೆದರೆ ಗೋಡೆ ಹೊರಕ್ಕೆ ವಾಲುವ ಹಾಗೆ ಇಲ್ಲೂ ಪಕ್ಕಗಳು ಸಡಿಲವಾಗುತ್ತವೆ. ಅದಕ್ಕೇ ತೂತಿನ ಸುತ್ತ ಉಕ್ಕಿನ ಚೌಕಟ್ಟು ಕೂರಿಸಿ, ಉಳಿದ ಪಟ್ಟಿಗಳಿಗೂ ಗಟರ್ (ಛಾವಣಿಯ ಬದಿಯಲ್ಲಿ ನೀರು ಹರಿಯುವ ಕಾಲುವೆ) ಅಂಚಿಗೂ ಬೆಸೆಯಬೇಕು. ಕೆಲವರು ಬರೀ ಅಂಟಿನ ಮೇಲೆ ಫೈಬರ್ ಕೂರಿಸಿ ಕೊಡುತ್ತಾರೆ. ನಿಮಗೆ ಖರ್ಚು ಹೇಳಿದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಚೌಕಟ್ಟು ಯಾವ ದಪ್ಪದ್ದು, ಎಲ್ಲೆಲ್ಲಿ ವೆಲ್ಡ್ ಮಾಡುತ್ತೀರಿ? ಇದಕ್ಕೆ ಸರಿಯಾದ ಉತ್ತರ ಬರದಿದ್ದರೆ ಗಾಡಿ ಬಿಡಬೇಡಿ.

ಕೊಯ್ಯುವ ಮುಂಚೆ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಸ್ಲೈಡಿಂಗ್ ಬಾಗಿಲಿನ ಬಾಯಿಯನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆದು ಬರೆದಿಡುತ್ತೇವೆ. ಬಾಗಿಲ ಸುತ್ತಲಿನ ಸಂದು ಸಹ. ಕೆಲಸ ಮುಗಿದ ಮೇಲೆ ಅದೇ ಅಳತೆ ಬರಬೇಕು. ಕೆಲವು ಮಿಲಿಮೀಟರ್ ಸರಿದರೂ ಬಾಗಿಲು ಒದೆಯದೆ ಮುಚ್ಚುವುದಿಲ್ಲ. ಗ್ರೈಂಡರ್ ಹಾಕಿದರೆ ಕಿಡಿಗಳು ಗಾಜಿಗೂ ಪೇಂಟಿಗೂ ಅಂಟಿ, ಮಳೆ ಬಿದ್ದ ಮೇಲೆ ಕಂದು ಚುಕ್ಕೆ ಏಳುತ್ತವೆ. ಆದ್ದರಿಂದ ಜಿಗ್‌ಸಾ ಬಳಸಿ, ಗಾಡಿ ಪೂರ್ತಿ ಮುಚ್ಚಿ, ಚೂರುಗಳನ್ನು ಆಯಸ್ಕಾಂತದಿಂದ ಎತ್ತಬೇಕು. ಕೊಯ್ದ ಅಂಚಿಗೆ ಅವತ್ತೇ ಪ್ರೈಮರ್.

ಇಷ್ಟೆಲ್ಲ ಆಮೇಲಿನ ಮಾತು ಸರ್. ಮೊದಲು ಗಟರ್ ನೋಡಿ. ಈ ಗಾಡಿಯ ಛಾವಣಿ ಹಾಳಾಗುವುದೇ ಅಲ್ಲಿಂದ. ಸೀಲರ್ ಬಿರುಕು ಬಿಟ್ಟು ನೀರು ಕೆಳಗೆ ಇಳಿದು ಒಳಗಿನಿಂದ ತುಕ್ಕು ತಿನ್ನುತ್ತದೆ, ಮೇಲೆ ಪೇಂಟ್ ಚೆನ್ನಾಗೇ ಕಾಣುತ್ತಿರುತ್ತದೆ. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಛಾವಣಿಯ ಅಂಚಿನುದ್ದಕ್ಕೂ ಎಳೆದುಕೊಂಡು ಹೋಗಿ. ಎಲ್ಲಿ ಹಿಡಿತ ತಪ್ಪುತ್ತದೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಗಟರ್ ಹಾಳಾಗಿದ್ದರೆ ಅದರ ಮೇಲೆ ಯಾವ ಹೊಸ ರೂಫ್ ಹಾಕಿದರೂ ದುಡ್ಡು ದಂಡ.

ಲೀಡ್ಸ್ ಮಲೆನಾಡಿಗ:

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಧನ್ಯವಾದ. ಮನೆ ಪಕ್ಕ ಡ್ರೈವ್‌ವೇ ಇದೆ, ಒಣಗಿಸಲು ತೊಂದರೆ ಇಲ್ಲ. ಹುಬ್ಬಳ್ಳಿ ಸರ್, ಗಾಡಿ ಮಾರಿ ಬೇರೆ ಕೊಳ್ಳುವ ಮಾತಿಗೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಮಗಳು ಹುಟ್ಟಿದ ವರ್ಷ ತಂದ ಗಾಡಿ ಅದು.

ಇಲ್ಲಿಯ ಕಾನೂನು ಓದಿದೆ. 40 ವರ್ಷ ದಾಟಿದ್ದರಿಂದ ರಸ್ತೆ ತೆರಿಗೆ ಇಲ್ಲ, 2018ರಿಂದ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆ ಕಡ್ಡಾಯವೂ ಅಲ್ಲ (ನಾನು ಆದರೂ ಪ್ರತಿ ವರ್ಷ ಮಾಡಿಸುತ್ತೇನೆ). ಆದರೆ ಗಾಡಿಯಲ್ಲಿ ಗಣನೀಯ ಬದಲಾವಣೆ ಆಗಿದ್ದರೆ ಎಂಒಟಿ ವಿನಾಯಿತಿ ಹೋಗುತ್ತದೆ, ಮೊನೊಕಾಕ್ ಬಾಡಿಯ (ಬೇರೆ ಚಾಸಿ ಇಲ್ಲದೆ ತಾನೇ ಭಾರ ಹೊರುವ ಬಾಡಿ) ಬದಲಾವಣೆ ಆ ಪಟ್ಟಿಯಲ್ಲಿದೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತೂ ಇದೆ: ಆ ಮಾದರಿ ತಯಾರಾಗುತ್ತಿದ್ದ ಕಾಲದಲ್ಲಿ, ಅಥವಾ ತಯಾರಿಕೆ ನಿಂತ ಹತ್ತು ವರ್ಷದೊಳಗೆ ಅಂಥ ಬದಲಾವಣೆ ಮಾಡುತ್ತಿದ್ದರು ಎಂದು ತೋರಿಸಬಹುದಾದರೆ ಅದನ್ನು ಗಣನೀಯ ಎಂದು ಹಿಡಿಯುವುದಿಲ್ಲ. ಜರ್ಮನಿಯ ನಿಯಮಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಹಾಕುವುದೇ ಆದರೆ ಎಪ್ಪತ್ತರ ದಶಕದ ರೂಫೇ ಹಾಕಬೇಕು, ಅಲ್ಲವೇ?

ಹುಬ್ಬಳ್ಳಿ ಹ್ಯಾನೋವರ್:

ಹೌದ್ರಿ ಸರ, ಹಾಕಿದ್ರ ಅದನ್ನ ಹಾಕ್ರಿ. ಬ್ರಿಟನ್ನಿನ ಗಾಡಿಗೆ ಬ್ರಿಟನ್ನಿನ ರೂಫ್ ಸಹ ಇದ್ದಾವ. ಕೆಂಟ್ ಕೌಂಟಿಯ ಫೋಕ್‌ಸ್ಟನ್‌ದಾಗ ಮಾರ್ಟಿನ್ ವಾಲ್ಟರ್ ಕಂಪನಿ ಮಾಡ್ತಿದ್ದ ಡಾರ್ಮೊಬೈಲ್ ರೂಫ್ ಪಕ್ಕಕ್ಕ ತೆರೀತದ, ಪಟ್ಟಿ ಪಟ್ಟಿ ಬಟ್ಟಿದು. ನೋಡಾಕ ಭಾಳ ಚಂದ. ಆದ್ರ ಮ್ಯಾಲಿನ ಮಂಚ ಚಿಕ್ಕವು. ವೈಕಿಂಗ್ ರೂಫ್ ಗಾಡಿಯ ಬದಿಗೂ ಚಾಚತದ, ಜಾಗ ಜಾಸ್ತಿ. ದೊಡ್ಡವರು ಮ್ಯಾಲೆ ಮಲಗೂದು ಖಾತ್ರಿ ಅಂದ್ರ 1974ರ ನಂತರದ ವೆಸ್ಟ್‌ಫಾಲಿಯಾ ನೋಡ್ರಿ.

ಆದ್ರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಮ್ಮನವರು ನಿಂತು ಸೀರಿ ಉಡಾಕ ಛಾವಣಿನ ಕೊಯ್ಯಬೇಕಂತಿಲ್ಲ. ಸ್ಲೈಡಿಂಗ್ ಬಾಗಿಲಿಗೆ ಹೊಂದಿಸೋ ಎತ್ತರದ ಔನಿಂಗ್ ಟೆಂಟ್ ತಗೊಳ್ರಿ. ಮೊದಲ ಒಂದು ಬ್ಯಾಸಿಗಿ ಅದರಾಗ ಕಳೀರಿ.

ಬ್ರಿಸ್ಟಲ್ ಕರಾವಳಿ:

ಔನಿಂಗ್ ನಮ್ಮಲ್ಲೂ ಉಂಟು. ಒಂದೇ ಜಾಗದಲ್ಲಿ ನಾಲ್ಕು ದಿನ ಇರುವುದಾದರೆ ಒಳ್ಳೆಯದು. ದಿನಕ್ಕೊಂದು ಊರು ಅಂತ ಹೋಗುವವರಿಗೆ ಗೂಟ ಹೊಡೆದು, ಬಿಚ್ಚಿ, ಒದ್ದೆ ಬಟ್ಟೆ ಮಡಚುವುದರಲ್ಲೇ ಬೆಳಗ್ಗೆ ಮುಗೀತದೆ. ಅಮ್ಮನನ್ನು ಕರೆದುಕೊಂಡು ಹೋಗುವ ಪ್ರವಾಸ ಯಾವ ತರಹದ್ದು ಅಂತ ನೋಡಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ನಾಲ್ಕು ಜನ ಮಲಗುವುದು ಆಮೇಲೆ, ನಾಲ್ಕು ಜನ ಕೂತು ಹೋಗಲು ಸೀಟ್ ಬೆಲ್ಟ್ ಉಂಟಾ? ಆ ಕಾಲದ ಗಾಡಿಗಳಲ್ಲಿ ಹಿಂದೆ ಬೆಲ್ಟ್ ಇಲ್ಲದಿರುವುದೇ ಹೆಚ್ಚು. ರಾಕ್ ಎನ್ ರೋಲ್ ಬೆಡ್ಡಿನ ಪ್ಲೈವುಡ್ಡಿಗೆ ಬೋಲ್ಟ್ ಹಾಕಿದ ಬೆಲ್ಟ್ ಬೆಲ್ಟ್ ಅಲ್ಲ. ಬಾಡಿಗೆ ಗಟ್ಟಿಯಾಗಿ ಬಿಗಿದ ಆಂಕರ್ ಬೇಕು. ರೂಫಿಗೆ ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೆ ಹೋಗಲಿ ಅಂತ ನನ್ನ ಒತ್ತಾಯ.

ಮತ್ತೆ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್. ಮೇಲೆ ಮಕ್ಕಳು ಮಲಗಿರುವಾಗ ಕೆಳಗೆ ಗ್ಯಾಸ್ ಒಲೆ ಹಚ್ಚಿಟ್ಟು ಚಳಿ ಕಾಯಿಸಬಾರದು, ಯಾವ ಕಾರಣಕ್ಕೂ.

ಬೆಂಗಳೂರು ಓಮ್ನಿ:

ಈ ಥ್ರೆಡ್ ಓದಿ ಆಸೆ ಹುಟ್ಟಿತು. ನನ್ನ ಹತ್ತಿರ ಚೆನ್ನಾಗಿಟ್ಟ ಮಾರುತಿ ಓಮ್ನಿ ಇದೆ, 796 ಸಿಸಿ. ಅದಕ್ಕೆ ಇಂಥ ರೂಫ್ ಇಲ್ಲೇ ಮಾಡಿಸಿದರೆ ಹೇಗೆ? ಟಿಂಕರಿಂಗ್ ಮಾಡೋರು ನಮ್ಮ ಏರಿಯಾದಲ್ಲೇ ಇದ್ದಾರೆ.

ಕೊವೆಂಟ್ರಿ ವೆಲ್ಡರ್:

ಮಾಡಿಸಬೇಡಿ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನೇ ಎತ್ತಿಹಿಡಿದಿದೆ. ಟಿಂಕರಿಂಗ್ ಮಾಡುವವರ ಕೈಚಳಕದ ಪ್ರಶ್ನೆ ಅಲ್ಲ, ಅಪಘಾತವಾದರೆ ವಿಮೆಯೂ ಕೈ ಕೊಡುತ್ತದೆ. ಓಮ್ನಿಗೆ ಹಿಂದಿನ ಬಾಗಿಲು ಎತ್ತಿ ಟೆಂಟ್ ಕಟ್ಟಿಕೊಳ್ಳುವುದು ಒಳ್ಳೆ ದಾರಿ.

ಬೆಂಗಳೂರು ಓಮ್ನಿ:

ಸರಿ ಅಣ್ಣ, ಟೆಂಟೇ ಆಗಲಿ. ಸಕಲೇಶಪುರದ ಮಳೆಗೆ ಯಾವುದು ತಡೆಯುತ್ತೆ ಅಂತ ಬೇರೆ ಥ್ರೆಡ್ಡಿನಲ್ಲಿ ಕೇಳ್ತೀನಿ.

ಲೀಡ್ಸ್ ಮಲೆನಾಡಿಗ:

ಆಯಸ್ಕಾಂತದ ಪರೀಕ್ಷೆ ಮಾಡಿದೆ. ಎಡಗಡೆ ಹಿಂದಿನಿಂದ ಮುಂದಿನವರೆಗೆ ಚೆನ್ನಾಗಿ ಹಿಡಿಯಿತು. ಬಲಗಡೆ ಡ್ರೈವರ್ ಬಾಗಿಲಿನ ಮೇಲೆ ಬಂದ ಕೂಡಲೇ ಜಾರಿ ಕೈಗೇ ಬಂತು. ಅಲ್ಲಿಂದ ವಿಂಡ್‌ಸ್ಕ್ರೀನ್ ಮೇಲಿನ ಅಂಚಿನ ಅರ್ಧದವರೆಗೆ ಎಲ್ಲೂ ಹಿಡಿಯಲಿಲ್ಲ. ಒಳಗಿನ ಹೆಡ್‌ಲೈನಿಂಗ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಅಲ್ಯೂಮಿನಿಯಂ ತಗಡು ಇಟ್ಟು ರಿವೆಟ್ ಹೊಡೆದಿದ್ದಾರೆ, ಅದರ ಮೇಲೆ ದಪ್ಪ ಪುಟ್ಟಿ. ನಮಗಿಂತ ಹಿಂದೆ ಗಾಡಿ ಇಟ್ಟುಕೊಂಡಿದ್ದವರು ಮಾಡಿಸಿದ್ದು. ಮೊದಲ ಅಡ್ಡಪಟ್ಟಿ ಮುಟ್ಟಿದರೆ ಹುಡಿಯಾಗಿ ಉದುರುತ್ತಿದೆ. ಫೋಟೋಗಳನ್ನು ಹಾಕಿದ್ದೇನೆ. ನೋಡಿ ಹೊಟ್ಟೆ ಉರಿಯಿತು.

ಕೊವೆಂಟ್ರಿ ವೆಲ್ಡರ್:

ಫೋಟೋ ನೋಡಿದೆ ಸರ್. ಬೇಸರ ಮಾಡಿಕೊಳ್ಳಬೇಡಿ, ಕೆಳಗಿನ ಕಂಬಗಳು ಗಟ್ಟಿ ಕಾಣುತ್ತಿವೆ, ಅದು ದೊಡ್ಡ ವಿಷಯ. ಆದರೆ ಈಗ ಪ್ರಶ್ನೆಯೇ ಬೇರೆ. ಛಾವಣಿಯ ಮುಂಭಾಗ, ಬಲಗಡೆ ಗಟರ್, ಒಂದು ಅಡ್ಡಪಟ್ಟಿ ಹೇಗೂ ಕೊಯ್ದು ತೆಗೆಯಲೇಬೇಕು. ನೀವು ಉಳಿಸಬೇಕು ಎಂದುಕೊಂಡಿದ್ದ ಅಖಂಡ ಛಾವಣಿ ಅಲ್ಲಿ ಇಲ್ಲ.

ಎರಡು ದಾರಿ. ಒಂದು, ಚೂರು ಚೂರು ತಗಡು ಸೇರಿಸಿ ಟಿನ್ ಟಾಪ್ ಆಗಿಯೇ ಉಳಿಸುವುದು. ವಿಶಾಲವಾದ ತಗಡಿನ ಮಧ್ಯೆ ಇಷ್ಟು ಉದ್ದದ ವೆಲ್ಡ್ ಬಂದರೆ ಶಾಖಕ್ಕೆ ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ, ಮತ್ತೆ ಪುಟ್ಟಿ ಬೇಕಾಗುತ್ತದೆ. ಇನ್ನೊಂದು, ತಳ ಕೊಳೆತು ಗುಜರಿಗೆ ಬಂದ, ಆದರೆ ಮೇಲ್ಭಾಗ ಗಟ್ಟಿಯಿರುವ ವೆಸ್ಟ್‌ಫಾಲಿಯಾದ ಛಾವಣಿಯನ್ನು ಕಾರ್ಖಾನೆಯ ಚೌಕಟ್ಟು, ಅಡ್ಡಪಟ್ಟಿ, ಗಟರ್ ಸಮೇತ ತಂದು ಕೂರಿಸುವುದು. ನಿಮ್ಮ ಗಾಡಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೊಸ ತೂತು, ಹೊಸ ಚೌಕಟ್ಟಿನ ತಲೆನೋವಿಲ್ಲ, ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಮಾಡಿದ ಗಟ್ಟಿತನ ಸಿಗುತ್ತದೆ. ಕ್ಯಾಲಿಫೋರ್ನಿಯಾದಂಥ ಒಣ ಹವೆಯಿಂದ ಬಂದ ಗಾಡಿ ಸಿಕ್ಕರೆ ಬಹಳ ಒಳ್ಳೆಯದು.

ಒಂದು ಎಚ್ಚರ. ಎಡ ಸ್ಟಿಯರಿಂಗ್ ಗಾಡಿಯಲ್ಲಿ ಸ್ಲೈಡಿಂಗ್ ಬಾಗಿಲು ಬಲಕ್ಕಿರುತ್ತದೆ, ನಿಮ್ಮದು ಎಡಕ್ಕೆ. ಬಾಗಿಲಿನ ಮೇಲಿನ ರೈಲು ಗಟರ್‌ನ ಕೆಳಗೇ ಓಡುತ್ತದೆ. ಆದ್ದರಿಂದ ಕಂಬಗಳ ನಡುವೆ ಕೊಯ್ದು ಪಕ್ಕದ ತಗಡನ್ನೂ ತಂದರೆ ರೈಲು ತಪ್ಪು ಕಡೆ ಬರುತ್ತದೆ. ಗಟರ್‌ನ ವೆಲ್ಡ್ ಚುಕ್ಕೆಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಿ ಛಾವಣಿ ಮಾತ್ರ ಎತ್ತಬೇಕು. ನಿಧಾನದ ಕೆಲಸ. ಕೊಳ್ಳುವ ಮುಂಚೆ ಅದರ ಗಟರ್‌ಗೂ ಆಯಸ್ಕಾಂತ ಹಿಡಿಯಿರಿ.

ಹುಬ್ಬಳ್ಳಿ ಹ್ಯಾನೋವರ್:

ಫೋಟೋ ನೋಡಿದ ಮ್ಯಾಲೆ ನಾನೂ ಒಪ್ಪತೀನ್ರಿ. ಗಟ್ಟಿ ಟಿನ್ ಟಾಪ್ ಇದ್ದಿದ್ರ ಕೊಯ್ಯಬ್ಯಾಡ್ರಿ ಅಂತನ ಹೇಳ್ತಿದ್ದೆ. ಇದು ಗಟ್ಟಿ ಇಲ್ಲ. ಈಗಿನ ಹಾಳಾದ ಸ್ಥಿತಿ, ತಂದ ರೂಫಿನ ಗಾಡಿಯ ಚಾಸಿ ನಂಬರ್, ವೆಲ್ಡಿಂಗಿನ ಪ್ರತಿ ಹಂತ ಎಲ್ಲಾದರ ಫೋಟೋ ಇಡ್ರಿ. ಕೆಲಸಕ್ಕ ಮೊದಲ ಡಿವಿಎಲ್‌ಎಗೆ (ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ) ಬರದು ಲಿಖಿತ ಉತ್ತರ ತಗೊಳ್ರಿ. ವಿಮೆಯವರಿಗೂ ಹೇಳ್ರಿ, ಒಪ್ಪಿದ ಮೌಲ್ಯದ ಪಾಲಿಸಿ ಇದ್ರ ಮೌಲ್ಯ ಮತ್ತ ಬರಸ್ರಿ.

ಬ್ರಿಸ್ಟಲ್ ಕರಾವಳಿ:

ಎತ್ತರ ಸಹ ಅಳೆದಿಡಿ. ಈಗ ನಿಮ್ಮ ಗಾಡಿ ಎರಡು ಮೀಟರ್‌ನ ಒಳಗೆ ಇರ್ತದೆ. ಸಮುದ್ರ ತೀರದ ಪಾರ್ಕಿಂಗ್‌ಗಳ ಕಬ್ಬಿಣದ ಅಡ್ಡಪಟ್ಟಿ ಎರಡು ಮೀಟರ್ ಹತ್ತಿರವೇ ಇರುವುದು. ಮಡಚಿದ ರೂಫಿನ ನಿಜವಾದ ಎತ್ತರವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ತೂಕ ಮೇಲೆ ಸೇರುವುದರಿಂದ ಪಕ್ಕದ ಗಾಳಿಗೆ ವ್ಯಾನ್ ಹೆಚ್ಚು ಓಲಾಡ್ತದೆ. ನಿಮ್ಮ ಕಡೆಯ ಎಂ62 ಹೆದ್ದಾರಿ ಪೆನೈನ್ಸ್ ಬೆಟ್ಟಗಳ ಮೇಲೆ 372 ಮೀಟರ್ ಏರುತ್ತದೆ, ಅಲ್ಲಿಯ ಗಾಳಿಯಲ್ಲಿ 50 ಹಾರ್ಸ್‌ಪವರ್ ಗಾಡಿ ನಿಧಾನ ಓಡಿಸಿ.

ಲೀಡ್ಸ್ ಮಲೆನಾಡಿಗ:

ತೀರ್ಮಾನ ಆಯಿತು. ಎಪ್ಪತ್ತರ ದಶಕದ ವೆಸ್ಟ್‌ಫಾಲಿಯಾ ರೂಫನ್ನೇ ಹುಡುಕುತ್ತೇವೆ, ಸಿಗುವವರೆಗೆ ಔನಿಂಗ್. ಹಿಂದಿನ ಸೀಟಿಗೆ ಬೆಲ್ಟ್ ಆಂಕರ್ ಈ ತಿಂಗಳೇ ಹಾಕಿಸುತ್ತೇನೆ. ಮೇಡಂ, ಕ್ಯಾನ್ವಾಸ್ ಹೊಸದು ಬೇಕಾಗುತ್ತದೆ. ಹತ್ತಿಯದೋ, ಅಕ್ರಿಲಿಕ್ಕೋ?

ಬ್ರಿಸ್ಟಲ್ ಕರಾವಳಿ:

ಹತ್ತಿಯದು ಉಸಿರಾಡ್ತದೆ, ನಾಲ್ಕು ಜನ ಮಲಗಿದರೆ ಒಳಗೆ ಹನಿ ಕಟ್ಟುವುದು ಕಡಿಮೆ. ಅಕ್ರಿಲಿಕ್ ಬೇಗ ಒಣಗ್ತದೆ, ಬಣ್ಣ ಮಾಸುವುದಿಲ್ಲ. ಡ್ರೈವ್‌ವೇ ಇರುವ ನಿಮಗೆ ಹತ್ತಿಯೇ ಆಗಬಹುದು. ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಗೆ ಹೊಲಿಗೆಯಲ್ಲಿ ಹನಿ ಬಿಡ್ತದೆ, ಗಾಬರಿ ಬೇಡ. ನೀರು ಕುಡಿದು ನೂಲು ಉಬ್ಬಿದ ಮೇಲೆ ತೂತು ಮುಚ್ಚಿಕೊಳ್ತದೆ. ಮನೆ ಎದುರೇ ಪೈಪ್ ಹಿಡಿದು ಎರಡು ಮೂರು ಸಲ ನೆನೆಸಿ ಒಣಗಿಸಿ, ಆಮೇಲೆ ಪ್ರವಾಸ. ರೂಫ್ ಕೂತ ನಂತರವೇ ಅಳತೆ ಕೊಟ್ಟು ಹೊಲಿಸಿ, ಮೊದಲೇ ತರಿಸಬೇಡಿ.

ಕೊವೆಂಟ್ರಿ ವೆಲ್ಡರ್:

ರೂಫ್ ಸಿಕ್ಕ ಮೇಲೆ ತಿಳಿಸಿ ಸರ್, ನೋಡಲು ನಾನೂ ಬರುತ್ತೇನೆ. ಗಾಡಿ ತರುವ ದಿನ ಒಳಗಿನ ಮರದ ಕಪಾಟು, ಹಾಸಿಗೆ, ಪರದೆ ಎಲ್ಲ ಬಿಚ್ಚಿಟ್ಟು ಬನ್ನಿ. ಪೆಟ್ರೋಲ್ ಕಡಿಮೆ ಇರಲಿ. ಗ್ಯಾಸ್ ಸಿಲಿಂಡರ್ ಮನೆಯಲ್ಲೇ ಬಿಡಿ.